ಹಸ್ತಪ್ರತಿ ಸೂಚಿಗಳಲ್ಲಿ ದತ್ತಾಂಶ ಪ್ರಕಾರಗಳ ವಿಸಂಗತಿ

ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಲು ಇಂದು ಕ್ರಮವಿಧಿ ಬರೆಯುವ ಜ್ಞಾನ ಅನಿವಾರ್ಯವಲ್ಲ. ಏರ್‌ಟೇಬಲ್‌ನಂತಹ ಸಾಧನಗಳಲ್ಲಿ ಕೋಷ್ಟಕಗಳನ್ನು ರಚಿಸಿ, ನಮೂನೆಯಲ್ಲಿ ತುಂಬಿದ ವಿವರಗಳು ತಾವಾಗಿಯೇ ಸೂಚಿಗೆ ಸೇರುವಂತೆ ನಿಯಮಿಸಬಹುದು. ಆದರೆ ಅಲ್ಲಿ ಪ್ರತಿಯೊಂದು ಅಂಕಣಕ್ಕೂ ಒಂದು ಪ್ರಕಾರವುಂಟು: ಪಠ್ಯ, ಸಂಖ್ಯೆ, ದಿನಾಂಕ, ಆಯ್ಕೆಪಟ್ಟಿ, ಅನ್ಯ ಕೋಷ್ಟಕದ ಕೊಂಡಿ. ಬಂದ ವಿವರಕ್ಕೂ ಅಂಕಣದ ಪ್ರಕಾರಕ್ಕೂ ಹೊಂದಿಕೆಯಾಗದಿದ್ದರೆ ನಿಯಮ ನಡುವೆಯೇ ನಿಲ್ಲಬಹುದು, ಅಂಕಣ ಬರಿದಾಗಬಹುದು, ಇಲ್ಲವೆ ತಪ್ಪು ಬೆಲೆಯೊಂದು ಸದ್ದಿಲ್ಲದೆ ಬಂದು ಕೂರಬಹುದು. ಮೊದಲಿನ ಎರಡು ದೋಷಗಳು ಕಣ್ಣಿಗೆ ಬೀಳುತ್ತವೆ; ಮೂರನೆಯದು ಬೀಳುವುದಿಲ್ಲ.

3-12 ಎಂಬ ಕಟ್ಟಿನ ಸಂಖ್ಯೆಯನ್ನು ಎಕ್ಸೆಲ್ ದಿನಾಂಕವೆಂದು ತಿಳಿಯುತ್ತದೆ. ಆ ಬಳಿಕ ಅಂಕಣವನ್ನು ಪಠ್ಯವಾಗಿ ಮಾರ್ಪಡಿಸಿದರೂ ಮೂಲರೂಪ ಮರಳದೆ ಐದಂಕಿಯ ಒಂದು ಕ್ರಮಸಂಖ್ಯೆ ಉಳಿಯುತ್ತದೆ. 007 ಎಂಬುದು ಸಂಖ್ಯೆಯ ಅಂಕಣದಲ್ಲಿ 7 ಆಗುತ್ತದೆ. ಆದುದರಿಂದ ಕೂಡಿಸಿ ಕಳೆಯುವ ಅಗತ್ಯವಿಲ್ಲದ ಕ್ರಮಾಂಕಗಳನ್ನೆಲ್ಲ ವಿವರ ತುಂಬುವ ಮೊದಲೇ ಪಠ್ಯವೆಂದು ಗೊತ್ತುಪಡಿಸಬೇಕು. ಗರಿಗಳ ಸಂಖ್ಯೆಯನ್ನು ೧೨೮ ಎಂದು ಕನ್ನಡ ಅಂಕಿಗಳಲ್ಲಿ ಬರೆದಾಗ ಅನೇಕ ಸಾಧನಗಳು ಅದನ್ನು ಸಂಖ್ಯೆಯೆಂದೇ ಗ್ರಹಿಸುವುದಿಲ್ಲ. ಸಬ್‌ಸ್ಟಿಟ್ಯೂಟ್ ಎಂಬ ಸೂತ್ರದಿಂದ ಹತ್ತು ಅಂಕಿಗಳನ್ನೂ ಬದಲಿಸಿ, ಅನಂತರ ವ್ಯಾಲ್ಯೂ ಎಂಬ ಸೂತ್ರದಿಂದ ಸಂಖ್ಯೆಯಾಗಿಸುವುದು ಇದಕ್ಕೆ ಪರಿಹಾರ.

"128, ನಡುವೆ 3 ಗರಿ ಲುಪ್ತ" ಎಂಬ ಬರಹಕ್ಕೆ ಇಂತಹ ಪರಿವರ್ತನೆ ಸಲ್ಲದು. ಸಾಧನವನ್ನು ಒಪ್ಪಿಸಲೆಂದು 125 ಎಂದಷ್ಟೇ ಬರೆದರೆ, ಪ್ರತಿಯ ಸ್ಥಿತಿಯನ್ನು ತಿಳಿಸುವ ಮಾತು ಅಳಿದುಹೋಗುತ್ತದೆ. ಅರ್ಥವಾಗದ ಪಾಠವನ್ನು ತಾನೇ ತಿದ್ದಿ ಮುಂದುವರಿದ ಲಿಪಿಕಾರನ ದೋಷಕ್ಕೂ ಇದಕ್ಕೂ ಭೇದವಿಲ್ಲ. ಗ್ರಂಥಸಂಪಾದನೆಯಲ್ಲಿ ಮೂಲಪಾಠವನ್ನೂ ಪರಿಷ್ಕೃತ ಪಾಠವನ್ನೂ ಬೇರೆ ಬೇರೆಯಾಗಿ ಉಳಿಸುವಂತೆಯೇ ಇಲ್ಲಿಯೂ ಎರಡು ಅಂಕಣಗಳಿರಬೇಕು. ಒಂದರಲ್ಲಿ ಕಂಡಂತೆ ಬರೆದ ಪಠ್ಯ; ಇನ್ನೊಂದರಲ್ಲಿ ಅದರಿಂದ ಪಡೆದ ಸಂಖ್ಯೆ. ಸ್ವಯಂಚಾಲಿತ ನಿಯಮವು ಎರಡನೆಯದನ್ನು ಮಾತ್ರ ಮುಟ್ಟತಕ್ಕದ್ದು.

ಕಾಲಸೂಚನೆಯಲ್ಲಿ ಈ ತತ್ತ್ವದ ಬೆಲೆ ಸ್ಪಷ್ಟವಾಗುತ್ತದೆ. ಎಕ್ಸೆಲ್‌ನ ದಿನಾಂಕ ಗಣನೆ 1900ಕ್ಕೆ ಹಿಂದಿನ ಕಾಲವನ್ನು ಬಲ್ಲದಲ್ಲ. ಶಕವರ್ಷ, ಸಂವತ್ಸರ, ತಿಥಿಗಳಿಗಂತೂ ದಿನಾಂಕದ ಅಂಕಣದಲ್ಲಿ ಎಡೆಯೇ ಇಲ್ಲ. ಪಂಪನ ಆದಿಪುರಾಣದ ರಚನಾಕಾಲವಾದ ಶಕ 863, ಪ್ಲವ ಸಂವತ್ಸರವನ್ನು ಉದಾಹರಣೆಯಾಗಿ ನೋಡಬಹುದು. ಇಲ್ಲಿ ಶಕವರ್ಷಕ್ಕೊಂದು ಸಂಖ್ಯೆಯ ಅಂಕಣ, ಸಂವತ್ಸರಕ್ಕೆ ಅರುವತ್ತು ಹೆಸರುಗಳ ಆಯ್ಕೆಪಟ್ಟಿ ಬೇಕು. 78ನ್ನು ಕೂಡಿಸಿದರೆ ಕ್ರಿ.ಶ. 941 ದೊರೆಯುತ್ತದೆ, ವರ್ಷದ ಕೊನೆಯ ತಿಂಗಳುಗಳಿಗೆ 79ನ್ನು ಕೂಡಿಸಬೇಕು. ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿದಾಗ ಶೇಷ 35. ಮೂವತ್ತೈದನೆಯ ಸಂವತ್ಸರ ಪ್ಲವವೇ ಆಗಿದೆ. ಶೇಷ ಸೊನ್ನೆಯಾದರೆ ಅರುವತ್ತನೆಯದಾದ ಅಕ್ಷಯವೆಂದು ತಿಳಿಯಬೇಕು. ಈ ಲೆಕ್ಕವನ್ನು ನಿಯಮದಲ್ಲಿ ಅಳವಡಿಸಿದರೆ ಹೊಂದದ ನಮೂದುಗಳು ತಾವಾಗಿಯೇ ಬೇರೆಯಾಗುತ್ತವೆ. ಒಂದು ವರ್ಷದ ಅಂತರ ಕಂಡಲ್ಲಿ ಲಿಪಿಕಾರನು ಗತವರ್ಷಕ್ಕೆ ಬದಲಾಗಿ ವರ್ತಮಾನ ವರ್ಷವನ್ನು ಹೇಳಿರಬಹುದೆಂದು ಪರಿಶೀಲಿಸಬೇಕು. ಅಂತಹ ಕಡೆ ಅಂಕಿಯನ್ನು ತಿದ್ದುವುದು ಯಂತ್ರದ ಕೆಲಸವಲ್ಲ.

ಕೊಂಡಿಯ ಅಂಕಣದ ತೊಡಕು ಬೇರೆ ಬಗೆಯದು. ಅದು ಬೇಡುವುದು ಕರ್ತೃವಿನ ಹೆಸರನ್ನಲ್ಲ, ಕರ್ತೃಕೋಷ್ಟಕದಲ್ಲಿ ಆತನ ದಾಖಲೆಗಿರುವ ಗುರುತನ್ನು. ನಮೂನೆಯಲ್ಲಿ ಒಬ್ಬರು ನಾಗಚಂದ್ರನೆಂದೂ ಇನ್ನೊಬ್ಬರು ಅಭಿನವಪಂಪನೆಂದೂ ಬರೆದಾಗ, ಪಠ್ಯವನ್ನೇ ಕೊಂಡಿಯಾಗಿಸಲು ಹೊರಟ ನಿಯಮವು ಒಬ್ಬ ಕವಿಯನ್ನು ಇಬ್ಬರನ್ನಾಗಿಸಬಹುದು. ಕೊಂಡಿಗೆ ಮುನ್ನ ಹುಡುಕುವ ಹಂತವೊಂದನ್ನು ಸೇರಿಸಿ, ನಾಮಾಂತರಗಳ ಅಂಕಣದಲ್ಲಿ ದೊರೆತ ದಾಖಲೆಯ ಗುರುತನ್ನೇ ಮುಂದಿನ ಹಂತಕ್ಕೆ ಕೊಡಬೇಕು. ದೊರೆಯದಿದ್ದರೆ ಹೊಸ ದಾಖಲೆಯನ್ನು ಸೃಷ್ಟಿಸದೆ, "ಪರಿಶೀಲನೆಗೆ" ಎಂಬ ಪಟ್ಟಿಗೆ ಕಳುಹಿಸಬೇಕು.

ಆ ಪಟ್ಟಿಯಲ್ಲಿ ಉಳಿದ ನಮೂದುಗಳನ್ನು ಕೆಲಸದ ವೈಫಲ್ಯವೆಂದು ಬಗೆಯುವುದು ಸರಿಯಲ್ಲ. ಓಲೆ ಮುರಿದಿರುವುದು, ಅಂಕಿ ಅಳಿಸಿರುವುದು, ಪುಷ್ಪಿಕೆಯ ಮಾತು ಸಂದಿಗ್ಧವಾಗಿರುವುದು ಅನೇಕ ವೇಳೆ ಮೊದಲು ಬೆಳಕಿಗೆ ಬರುವುದು ಅಲ್ಲಿಯೇ. ಮೂಲಪ್ರತಿಯನ್ನು ಮತ್ತೊಮ್ಮೆ ಬಿಚ್ಚಿ ನೋಡಬೇಕಾದ ಸ್ಥಳಗಳನ್ನು ಅದು ವಿದ್ವಾಂಸನಿಗೆ ತೋರಿಸಿಕೊಡುತ್ತದೆ.