ಹಳೆ ಮನೆ ಕೆಡಹುವ ಮುನ್ನ...

ಸಹೋದರಿಯರೇ, ಶಿಕಾರಿಪುರದಿಂದ ಸೊರಬಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿ. ಮಣ್ಣಿನ ಗೋಡೆ, ಹೆಂಚಿನ ಮಾಡಿನ ಮನೆಗಳ ಪಕ್ಕದಲ್ಲೇ ತಾರಸಿ ಮನೆಗಳು ಎದ್ದಿವೆ. ತಾರಸಿ ಇದ್ದರೇ ಮರ್ಯಾದೆ ಎಂಬ ಭಾವನೆ ನಮ್ಮದು. ಸೊರಬದ ನಮ್ಮ ಖಾಲಾ ಕೂಡ ಹಳೆ ಮನೆ ಕೆಡಹಿಸಿ ತಾರಸಿ ಹಾಕಿಸಿದರು. ಸಾಲ ಇನ್ನೂ ತೀರಿಲ್ಲ. ಬೇಸಿಗೆಯ ಮಧ್ಯಾಹ್ನ ಮಾತ್ರ ಪಕ್ಕದ ಹೆಂಚಿನ ಮನೆಗೆ ಹೋಗಿ ಮಲಗುತ್ತಾರೆ!

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಹಿತ್ತಲಿನ ಮಣ್ಣೇ ಗೋಡೆಯಾಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ, ಹುಲ್ಲಿನ ಮಾಡಿನ ಜಾಗಕ್ಕೆ ಮೆಲ್ಲಮೆಲ್ಲನೆ ಹೆಂಚು ಬಂತು. ಒಂದು ಮನೆಯ ಹೆಂಚನ್ನು ಬಿಚ್ಚಿ ಇನ್ನೊಂದಕ್ಕೆ ಹೊದಿಸಬಹುದಿತ್ತು. ಅನಂತರ ಸಿಮೆಂಟಿನ ಕಾಲ. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಕಾಯಿಸಿ ಅದನ್ನು ತಯಾರಿಸುತ್ತಾರೆ. ಮನುಷ್ಯ ಗಾಳಿಗೆ ಬಿಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ಸುಮಾರು ಶೇ. 7ರಿಂದ 8ರಷ್ಟು ಇದೊಂದರದೇ ಪಾಲು.

ಹಾಗಾದರೆ ಮಣ್ಣಿಗೆ ಮರಳಬೇಕೇ? ಮಲೆನಾಡಿನ ಮಳೆಗೆ ಗೋಡೆ ಕರಗದೇ? ಈ ಪ್ರಶ್ನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ತರ ಸಿಕ್ಕಿದೆ. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಅಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರ ಮಣ್ಣಿನ ಇಟ್ಟಿಗೆಯನ್ನು ಸುಧಾರಿಸಿತು. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಗಟ್ಟಿ ಇಟ್ಟಿಗೆ ಸಿದ್ಧ. ಸುಡಲು ಸೌದೆ ಬೇಡ. ಆದರೆ ಎಲ್ಲ ಮಣ್ಣೂ ಆಗದು, ಪರೀಕ್ಷಿಸಿಯೇ ಬಳಸಬೇಕು.

ಮನೆ ಕಟ್ಟುವ ಮಾತು ಬಂದಾಗ ಗಂಡಸರೇ ತೀರ್ಮಾನಿಸಲೆಂದು ಸುಮ್ಮನಿರಬೇಡಿ. ಹೆಂಚು, ತೊಲೆ, ಬಾಗಿಲುಗಳಲ್ಲಿ ಯಾವುದನ್ನು ಉಳಿಸಬಹುದೆಂದು ಮೊದಲು ಕೇಳಿ. ದಿನವಿಡೀ ಆ ಮನೆಯೊಳಗೆ ಬೇಯುವವರೂ ತಂಪಾಗಿರಬೇಕಾದವರೂ ನಾವೇ ಅಲ್ಲವೇ?