ಸುರಪುರ: ಅರಮನೆಯ ಕಥೆಗೆ ಬಂಗಲೆಯೂ ಸಾಕ್ಷಿ

ಸುರಪುರ: ಯಾದಗಿರಿಯಿಂದ ಶಹಾಪುರ ದಾಟಿ ಸುರಪುರದತ್ತ ಹೊರಟವರಿಗೆ ಕಾಲುವೆ ನೀರುಂಡ ಭತ್ತದ ಗದ್ದೆಗಳು ಎದುರಾಗುತ್ತವೆ. ಕೃಷ್ಣೆಯ ಬಸವಸಾಗರ ಜಲಾಶಯದಿಂದ ಹೊರಡುವ ನಾರಾಯಣಪುರ ಎಡದಂಡೆ ಕಾಲುವೆ ಈ ಬಯಲಿನ ಚಹರೆಯನ್ನೇ ಬದಲಿಸಿದೆ. ಆದರೆ ಇದು ಹೊಲಕ್ಕೆ ನೀರುಣಿಸುವ ಕಾಲುವೆಯೇ ಹೊರತು ದೋಣಿ ವಿಹಾರದ ದಾರಿಯಲ್ಲ. ಇಲ್ಲಿನ ಹಳೆಯ ಕಟ್ಟಡಗಳನ್ನು ಕಾಣಲು ಗುಡ್ಡವನ್ನೇ ಹತ್ತಬೇಕು.

ಗುಡ್ಡವೇ ಏಕೆ? ನಾಯಕರ ಹಿಂದಿನ ನೆಲೆ ಸಮೀಪದ ವಾಗಿನಗೇರಿ. 1705ರಲ್ಲಿ ಮೊಘಲ್ ದೊರೆ ಔರಂಗಜೇಬ್ ಸ್ವತಃ ಬಂದು ಮುತ್ತಿದ ಕೋಟೆಯದು. ಆತ ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆಯೂ ಹೌದು. ಕೋಟೆ ಕೈತಪ್ಪಿದರೂ ಪಿಡ್ಡನಾಯಕರು ಸೆರೆಸಿಕ್ಕಲಿಲ್ಲ. ಮುಂದೆ ಬೆಟ್ಟಗಳ ನಡುವಣ ಸುರಪುರ ರಾಜಧಾನಿಯಾಗಿ ಬೆಳೆಯಿತು. ಬೆಟ್ಟಸಾಲೇ ಊರಿಗೆ ಅರ್ಧ ಕೋಟೆ.

ಊರಿನಲ್ಲಿ ಅರಮನೆ ಮತ್ತು ವೇಣುಗೋಪಾಲಸ್ವಾಮಿ ದೇವಾಲಯವಿದ್ದರೆ, ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಅರಮನೆಯನ್ನು ನೋಡಿದವರು ಈ ಬಂಗಲೆಯನ್ನೂ ನೋಡಬೇಕು. ಏಕೆಂದರೆ ಎರಡರ ಕಥೆಯೂ ಒಂದೇ.

ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸಂಸ್ಥಾನದ ಉಸ್ತುವಾರಿಗೆ ಬಂದರು. ರಾಜಾ ವೆಂಕಟಪ್ಪ ನಾಯಕರು ಆಗ ಬಾಲಕ. ರಾಜ್ಯಭಾರಕ್ಕೆ ತರಬೇತಿ ನೀಡಿದ ಟೇಲರ್‌ರನ್ನು ಅವರು ‘ಅಪ್ಪಾ’ ಎಂದೇ ಕರೆಯುತ್ತಿದ್ದರು. 1853ರಲ್ಲಿ ಆಡಳಿತವನ್ನು ಯುವರಾಜರಿಗೆ ಒಪ್ಪಿಸಿ ಟೇಲರ್ ನಿರ್ಗಮಿಸಿದರು.

ಐದೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 1857ರ ಸಂಗ್ರಾಮದ ಕಿಡಿ ಸುರಪುರಕ್ಕೂ ತಗುಲಿತು. 1858ರ ಫೆಬ್ರುವರಿಯಲ್ಲಿ ಇಲ್ಲಿ ಕಾದಾಟ ನಡೆದು, ಬ್ರಿಟಿಷ್ ಸೇನಾಧಿಕಾರಿಯೊಬ್ಬ ಸತ್ತ. ಸೋತ ವೆಂಕಟಪ್ಪ ನಾಯಕರು ಹೈದರಾಬಾದಿನಲ್ಲಿ ಸೆರೆಯಾದರು. ಮರಣದಂಡನೆ ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಆದರೆ ಚೆಂಗಲ್‌ಪಟ್ಟುವಿಗೆ ಒಯ್ಯುವ ದಾರಿಯಲ್ಲಿಯೇ ಅವರು ಗುಂಡೇಟಿನಿಂದ ಮೃತಪಟ್ಟರು. ತಾವೇ ಗುಂಡು ಹಾರಿಸಿಕೊಂಡರೆಂಬುದು ಟೇಲರ್ ಆತ್ಮಕಥೆಯ ಮಾತು. ಬ್ರಿಟಿಷರೇ ಕೊಂದರೆಂಬುದು ಸ್ಥಳೀಯರ ನಂಬಿಕೆ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ಹೀಗಾಗಿ ಟೇಲರ್ ಮಂಜಿಲ್ ಬರೀ ಸುಂದರ ಬಂಗಲೆಯಲ್ಲ, ಅರಮನೆಯೂ ಬರೀ ಗೋಡೆಗಳಲ್ಲ. ಒಂದನ್ನಷ್ಟೇ ನೋಡಿದರೆ ಆ ತಂದೆ-ಮಗನಂತಿದ್ದ ನಂಟೂ ಕಾಣದು, ಅದು ಮುರಿದು ಬಿದ್ದ ಬಗೆಯೂ ತಿಳಿಯದು.

ನೀರು ನೋಡುವ ಆಸೆಯುಳ್ಳವರು ಸಮೀಪದ ಬೋನಾಳಕ್ಕೆ ಹೋಗಬಹುದು. ನಾಯಕರ ಕಾಲದ ಈ ಕೆರೆಯನ್ನು ಹಿಗ್ಗಿಸಿದವರು ಇದೇ ಟೇಲರ್. ಇಂದು ಅದು ಪಕ್ಷಿಧಾಮ. ರಾಜನೂ ಹೋದ, ಸಾಹೇಬನೂ ಹೋದ. ಹಕ್ಕಿಗಳು ಮಾತ್ರ ಇಂದಿಗೂ ಬರುತ್ತಿವೆ.