ಕಲೆಗೆ ಆಸರೆ: ಒಬ್ಬರ ದಾನ, ಹಲವರ ಒಪ್ಪಂದ

ಗೋಲ್ಕೊಂಡ ಕೋಟೆಯ ಸಮೀಪದ ಕುತುಬ್‌ಶಾಹಿ ಗೋರಿಗಳನ್ನು ನೋಡದ ಹೈದರಾಬಾದಿನ ಕನ್ನಡಿಗರು ವಿರಳ. ಆ ವಂಶದ ಮೂಲಪುರುಷನಾದ ಸುಲ್ತಾನ್ ಕುಲಿಯು ಬೀದರಿನ ಬಹಮನಿ ದೊರೆಗಳ ಸೇವೆಯಲ್ಲಿದ್ದವನಾದುದರಿಂದ ಆ ಸ್ಥಳಕ್ಕೂ ಕನ್ನಡ ನಾಡಿಗೂ ಹಳೆಯ ನಂಟುಂಟು. ಅಲ್ಲಿಯ ಬಡಿ ಬಾವ್ಲಿ ಎಂಬ ಮೆಟ್ಟಿಲು ಬಾವಿಯ ಒಂದು ಭಾಗವು 2013ರ ಮಳೆಗೆ ಕುಸಿದು ಬಿದ್ದಿತ್ತು. ಅದನ್ನು ಮತ್ತೆ ಕಟ್ಟಿ ನಿಲ್ಲಿಸಲಾಯಿತು. ಗೋಲ್ಕೊಂಡದ ಮೆಟ್ಟಿಲು ಬಾವಿಗಳ ಈ ಜೀರ್ಣೋದ್ಧಾರಕ್ಕೆ 2022ರಲ್ಲಿ ಯುನೆಸ್ಕೋ ಸಂಸ್ಥೆಯ ಏಷ್ಯಾ-ಪೆಸಿಫಿಕ್ ಪುರಸ್ಕಾರವೂ ಲಭಿಸಿತು. ಇದಕ್ಕೆ ತಗುಲಿದ ವೆಚ್ಚವನ್ನು ಹೊತ್ತವರಾರು?

ಒಬ್ಬರಲ್ಲ. 2013ರಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆ, ಕುಲಿ ಕುತುಬ್ ಶಾ ನಗರಾಭಿವೃದ್ಧಿ ಸಂಸ್ಥೆ ಮತ್ತು ಆಗಾ ಖಾನ್ ಸಂಸ್ಕೃತಿ ಟ್ರಸ್ಟ್ ಒಂದು ಒಪ್ಪಂದಕ್ಕೆ ಬಂದವು. ಸ್ಮಾರಕಗಳ ಒಡೆತನ ಸರ್ಕಾರದಲ್ಲೇ ಉಳಿಯಿತು. ತಜ್ಞತೆಯನ್ನೂ ಕುಶಲಕರ್ಮಿಗಳನ್ನೂ ಟ್ರಸ್ಟ್ ಒದಗಿಸಿತು. ಟಾಟಾ ಟ್ರಸ್ಟ್ ಮೊದಲಾದವು ಧನಸಹಾಯ ನೀಡಿದವು. ತಾರಾಮತಿ, ಪ್ರೇಮಾಮತಿಯರ ಗೋರಿಗಳಿಗೆ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ನಿಧಿಯೂ ನೆರವಾಯಿತು. ಹಿಂದಿನ ದುರಸ್ತಿಗಳಲ್ಲಿ ಮೆತ್ತಿದ್ದ ಸಿಮೆಂಟನ್ನು ಕಿತ್ತು ಸುಣ್ಣದ ಗಾರೆಯನ್ನೇ ಬಳಿದುದು ನಿಧಾನದ ಕೆಲಸ. ಹತ್ತು ವರ್ಷಗಳಿಗೂ ಮೀರಿ ನಡೆದು, 106 ಎಕರೆಗಳ ಆ ಉದ್ಯಾನವು 2024ರ ಜುಲೈ ತಿಂಗಳಲ್ಲಿ ಉದ್ಘಾಟನೆಗೊಂಡಿತು.

ಈ ನಗರಕ್ಕೆ ದಾನ ಹೊಸದಲ್ಲ. ಪುಣೆಯ ಭಂಡಾರಕರ್ ಸಂಸ್ಥೆಯ ಮಹಾಭಾರತದ ಪರಿಷ್ಕರಣಕ್ಕೆ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು ವರ್ಷಕ್ಕೆ 1000 ರೂಪಾಯಿಗಳಂತೆ 11 ವರ್ಷ ನೀಡಿದುದುಂಟು. ಅದು ಒಬ್ಬ ಅರಸನ ಔದಾರ್ಯ. ಅರಸನ ಮನಸ್ಸು ಒಲಿದರಷ್ಟೇ ದೊರೆಯುವಂಥದು. ಒಪ್ಪಂದದಲ್ಲಿಯಾದರೋ ಯಾರು ಏನು ಮಾಡಬೇಕೆಂಬುದು ಮೊದಲೇ ಬರೆದಿರುತ್ತದೆ. ನೀರಸವೆನಿಸಿದರೂ ನನಗೆ ಇದೇ ಮೇಲು.

ಇದಕ್ಕಿಂತಲೂ ನನ್ನ ಮೆಚ್ಚುಗೆಗೆ ಪಾತ್ರವಾದುದು ತಾಯ್ನಾಡಿನ ಒಂದು ಕ್ರಮ. 1991ರಲ್ಲಿ ಸ್ಥಾಪಿತವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಕರ್ನಾಟಕದ ಹಳೆಯ ದೇವಾಲಯಗಳನ್ನು ಜೀರ್ಣೋದ್ಧಾರ ಮಾಡುವಾಗ ವೆಚ್ಚದ ಶೇಕಡ 40ನ್ನು ಸರ್ಕಾರ, 40ನ್ನು ಟ್ರಸ್ಟ್, ಉಳಿದ 20ನ್ನು ಊರಿನವರು ಭರಿಸುವ ಏರ್ಪಾಡಿದೆ. ಮೊತ್ತದಲ್ಲಿ ಚಿಕ್ಕದಾದ ಆ 20ರಲ್ಲಿಯೇ ಗುಟ್ಟಿದೆ. ತಾವು ಹಣ ಕೂಡಿಸಿ ನಿಲ್ಲಿಸಿದ ಗೋಡೆಯ ಮೇಲೆ ಅರಳಿ ಗಿಡ ಬೇರೂರಿದರೆ ಕೀಳುವವರು ಆ ಊರಿನವರೇ.

ಕಲ್ಲಿಗೆ ಇಷ್ಟು ನೆರವು ದೊರೆತಂತೆ ನಾಟಕಕ್ಕೆ, ಸಂಗೀತಕ್ಕೆ ದೊರೆಯುವುದಿಲ್ಲ. ಸ್ಮಾರಕದ ಮುಂದೆ ದಾನಿಯ ಹೆಸರಿನ ಫಲಕ ನಿಲ್ಲಿಸಬಹುದು. ಮೂರು ತಿಂಗಳ ತಾಲೀಮಿನ ಮುಂದೆ ನಿಲ್ಲಿಸುವುದೆಲ್ಲಿ? 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂತೆ ಕಲಾವಿದರ ಪ್ರಯೋಗಕ್ಕೂ ಸಂಶೋಧನೆಗೂ ಅನುದಾನ ನೀಡುವ ಸಂಸ್ಥೆಗಳು ಕೆಲವೇ. ಹೊರನಾಡಿನ ಕನ್ನಡ ಸಂಘಗಳ ರಂಗಚಟುವಟಿಕೆಗೆ ಇಂದಿಗೂ ಆಧಾರವೆಂದರೆ ಸದಸ್ಯರ ವಂತಿಗೆ ಮತ್ತು ಸ್ಮರಣ ಸಂಚಿಕೆಗಳ ಜಾಹೀರಾತು. ಓದುಗರು ಈ ಸಂಚಿಕೆಯ ಜಾಹೀರಾತು ಪುಟಗಳನ್ನು ತಿರುವಿ ಹಾಕದೆ ಒಮ್ಮೆ ಓದಬೇಕಾಗಿ ವಿನಂತಿ.